ಗಂಡನ ಹೆಸರಿಗೆ ಬಂದ ಲೈಸೆನ್ಸು

ಗುರುಪುರದ ಹತ್ತಿರ ತವರಿನಿಂದ ನನಗೆ ಬಂದ ಒಂದು ತುಂಡು ಹೊಲವಿದೆ. ಹೊಗೆಸೊಪ್ಪು ಬೆಳೆದು ಬೇಸತ್ತು, ಅಲ್ಲಿ ಹಂದಿ ಸಾಕಬೇಕೆಂದು ತೀರ್ಮಾನಿಸಿದೆ. ಕೊಡಗಿನ ಕಡೆಯಿಂದ ಹಂದಿಗೆ ಯಾವಾಗಲೂ ಗಿರಾಕಿ ಇರುತ್ತದೆ. ಮೈಸೂರಿಗೆ ಹೋಗಿ ತರಬೇತಿ ಪಡೆದವಳು ನಾನು. ಗಲೀಜು ನೀರಿನ ಗುಂಡಿ ಎಲ್ಲಿ ತೋಡಬೇಕೆಂದು ಗುರುತು ಹಾಕಿದವಳು ನಾನು. ಪಂಚಾಯ್ತಿಗೆ ಲೈಸೆನ್ಸಿನ ಅರ್ಜಿ ಕೊಟ್ಟವಳೂ ನಾನೇ.

ಗುಮಾಸ್ತರು ಅರ್ಜಿ ತೆಗೆದುಕೊಂಡು ನನ್ನ ಬೆನ್ನ ಹಿಂದೆ ಯಾರನ್ನೋ ಹುಡುಕಿದರು.

“ಯಜಮಾನ್ರು ಬರ್ನಿಲ್ವಾ?”

“ಹೊಲ ನಂದು ಸಾರ್. ಸಾಕೋಳೂ ನಾನೇಯ.”

“ಆದ್ರೂ ಒಂದ್ಸಲ ಬರಕ್ಕೇಳಮ್ಮ.”

ನನ್ನ ಗಂಡನದು ಹುಣಸೂರಿನಲ್ಲಿ ಪಂಕ್ಚರ್ ಅಂಗಡಿ. ಹಂದಿಯೆಂದರೆ ಮೂಗು ಮುಚ್ಚಿಕೊಳ್ಳುವವರು. ಜಾಗ ನೋಡಲು ಅಧಿಕಾರಿ ಬಂದ ದಿನ ಅವರೂ ಬಂದು ನಿಂತರು. ಹಂದಿಗೆ ಏನು ತಿನ್ನಿಸುತ್ತೀರಿ ಎಂದು ಅಧಿಕಾರಿ ಅವರನ್ನೇ ಕೇಳಿದರು. ಅವರು ನನ್ನ ಮುಖ ನೋಡಿದರು.

“ಓಟ್ಲಲ್ಲಿ ಮಿಕ್ಕಿದ್ದ ಬೇಯ್ಸಿ ಆಕ್ತೀನಿ, ಜೊತೆಗೆ ಜೋಳದ ನುಚ್ಚು,” ಎಂದೆ.

ಅಧಿಕಾರಿ ಪೆನ್ನು ಹಿಡಿದು ಸುಮ್ಮನೆ ಕಾದರು. ನನ್ನ ಗಂಡ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಆಮೇಲೆ ಅಧಿಕಾರಿ ಬರೆದುಕೊಂಡರು. ನನ್ನ ಹೊಲದಲ್ಲೇ, ಅವರಿಗೆ ಕೈ ತೊಳೆಯಲು ಚೊಂಬಿನಲ್ಲಿ ನೀರು ಕೊಡುವುದಷ್ಟೇ ನನ್ನ ಪಾಲಿಗೆ ಬಂತು.

ಲೈಸೆನ್ಸು ಬಂತು. ಅದರಲ್ಲಿ ನನ್ನ ಗಂಡನ ಹೆಸರಿತ್ತು. ನನ್ನ ಹೆಸರು ಎಲ್ಲೂ ಇರಲಿಲ್ಲ. ಅವತ್ತೇ ಪಂಚಾಯ್ತಿಗೆ ಹೋಗಿ ಗುಮಾಸ್ತರ ಮೇಜಿನ ಮೇಲೆ ಇಟ್ಟೆ.

“ಯಾರ್ ಹೆಸ್ರಾದ್ರೇನಮ್ಮ, ಮನೆ ಒಂದೇ ಅಲ್ವಾ?” ಎಂದರು.

“ಅಂಗಾದ್ರೆ ನಿಮ್ ಸಂಬ್ಳಾನ ನಿಮ್ಮನೆಯೋರ ಖಾತೆಗೆ ಆಕ್ಸಿ. ಮನೆ ಒಂದೇ ಅಲ್ವಾ?”

ಅಲ್ಲಿದ್ದವರೆಲ್ಲ ನಕ್ಕರು. ನಾನು ನಗಿಸಲು ಹೇಳಿರಲಿಲ್ಲ. ಬದಲಾಯಿಸಿ ಕೊಡುವ ತನಕ ಏಳುವುದಿಲ್ಲವೆಂದು ಬಾಗಿಲಲ್ಲೇ ಕೂತೆ. ಬಂದವರೆಲ್ಲ ನನ್ನನ್ನು ದಾಟಿಕೊಂಡೇ ಒಳಗೆ ಹೋಗಬೇಕಾಯಿತು. ಊಟದ ಹೊತ್ತು ಕಳೆಯಿತು. ಯಾರೋ ಫೋನು ಮಾಡಿ ನನ್ನ ಗಂಡನನ್ನು ಕರೆಸಿದರು.

ಅವರು ಬಂದು ಮೆಲ್ಲಗೆ, “ಎಂಗೋ ಬಂತಲ್ಲ, ಬುಡು. ಎದ್ದೇಳು,” ಎಂದರು.

ಗುಮಾಸ್ತರ ಮಾತಿಗಿಂತ ಈ ಮಾತಿಗೆ ಹೆಚ್ಚು ಮೈ ಉರಿಯಿತು.

“ನಿಮ್ಮಂಗ್ಡಿ ಬೋರ್ಡ್ ಮೇಲೆ ನನ್ನೆಸ್ರು ಬರ್ಸಿ, ಈಗ್ಲೇ ಏಳ್ತೀನಿ,” ಎಂದೆ.

ಅವರು ಒಳಗೆ ಹೋಗಿ, “ಅದು ಅವಳ್ದೇ ಸಾರ್, ನಂದಲ್ಲ. ಬದ್ಲಾಯ್ಸಿ ಕೊಡಿ,” ಎಂದರು. ಕೆಲಸ ತಕ್ಷಣ ಆಯಿತು. ಬೆಳಗಿನಿಂದ ನಾನು ಹೇಳಿದ್ದೂ ಅದನ್ನೇ. ಗಂಡಸಿನ ಬಾಯಿಂದ ಬಂದಾಗ ಮಾತ್ರ ಅವರಿಗೆ ಕೇಳಿಸಿತು.

ನನ್ನ ಹೆಸರಿನ ಲೈಸೆನ್ಸು ಕೈಯಲ್ಲಿ ಹಿಡಿದು ಅವರ ಬೈಕಿನ ಹಿಂದೆ ಕೂತು ಮನೆಗೆ ಬಂದೆ. ಇಳಿಯುವಾಗ ಇಷ್ಟು ಹೇಳಿದೆ: “ನಾಳೆ ಮರಿ ಬತ್ತವೆ. ಇಳ್ಸ್ಕೊಳ್ಳಕೆ ಬನ್ನಿ.”

ಮಾರನೆಯ ದಿನ ಅವರು ಅಂಗಡಿ ತೆಗೆಯಲಿಲ್ಲ. ಮೂಗಿಗೆ ಟವೆಲು ಕಟ್ಟಿಕೊಂಡು, ಕಿರುಚುವ ಮರಿಗಳನ್ನು ಒಂದೊಂದಾಗಿ ಎತ್ತಿ ನನ್ನ ಕೈಗೆ ಕೊಟ್ಟರು.