ಮೊಮ್ಮಗಳ ಮೊದಲ ಬೆಳೆಯೂ ನನ್ನ ಹಳೇ ವೈರಿಯೂ

ನನ್ನ ಮೊಮ್ಮಗಳು ರೇಷ್ಮೆ ಬೆಳೆ ತೆಗೆದಳು! ಕುದೂರು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಯಾಯಿತು, ಈಗ ನಿಮಗೂ ಹೇಳುತ್ತೇನೆ. ಆದರೆ ಹೇಳಬೇಕೆಂದರೆ ನನ್ನ ಹಳೇ ವೈರಿ ಆ ಮುದುಕಿಯ ವಿಷಯವನ್ನೂ ಎತ್ತಬೇಕು, ಬೇರೆ ದಾರಿಯಿಲ್ಲ.

ಬಹಳ ಹಿಂದೆ ನಾನು ಮಾಗಡಿ ಕಡೆ ಒಂದು ರೇಷ್ಮೆಹುಳದ ಮನೆಗೆ ಕೂಲಿಗೆ ಹೋಗುತ್ತಿದ್ದೆ. ಅಲ್ಲಿ ಹೆಣ್ಣಾಳುಗಳಿಗೆಲ್ಲ ಈ ಮುದುಕಿಯೇ ಮೇಸ್ತ್ರಿ, ಆಗಿನ್ನೂ ಗಟ್ಟಿಮುಟ್ಟು ಹೆಂಗಸು. ಹೊಗೆಸೊಪ್ಪು ಮುಟ್ಟಿದ ಕೈ ಹುಳದ ಹತ್ತಿರ ಬರಕೂಡದು. ಘಾಟು ತಗುಲಿದರೆ ಹುಳ ಹಸಿರು ಕಕ್ಕಿ ಸಾಯುತ್ತದೆ. ನನಗೋ ದವಡೆಯಲ್ಲಿ ಹೊಗೆಸೊಪ್ಪಿಲ್ಲದಿದ್ದರೆ ಕೈಕಾಲೇ ಆಡುತ್ತಿರಲಿಲ್ಲ. ಒಂದು ದಿನ ಅವಳು ನನ್ನ ಬಾಯಿ ಮೂಸಿ, ಎಲ್ಲರೆದುರು ರಟ್ಟೆ ಹಿಡಿದು ಆಚೆ ದಬ್ಬಿದಳು. "ಲವಂಗ ಕಣಕ್ಕೋ!" ಎಂದು ಬಾಯಿ ಬಡಿದುಕೊಂಡೆ. ಲವಂಗವಲ್ಲ. ಆದರೂ ಅವಳ ವಂಶವನ್ನೆಲ್ಲ ಬೈದೇ ಬಂದೆ. ಆಮೇಲೆ ಸಂತೆಯಲ್ಲಿ ಎದುರಾದರೆ ನಾನು ಕುಂಬಳಕಾಯಿ ಕಡೆ ತಿರುಗಿಬಿಡುತ್ತಿದ್ದೆ.

ಈ ಬೆಳೆ ಕೈಕೊಟ್ಟರೆ ಹಿಪ್ಪುನೇರಳೆ ಕಿತ್ತು ಬಾಳೆ ಹಾಕುತ್ತೇನೆಂದು ನನ್ನ ಮಗ ಮೊಮ್ಮಗಳಿಗೆ ಮೊದಲೇ ಹೇಳಿದ್ದ. ಅಂಥದ್ದರಲ್ಲಿ ಹುಳಗಳೆಲ್ಲ ಒಂದೇ ದಿನ ಬೆಳಿಗ್ಗೆಯಿಂದ ಮೇವು ಬಿಟ್ಟು ಹಣ್ಣಾಗತೊಡಗಿದವು. ಹಣ್ಣಾದ ಹುಳವನ್ನು ತಕ್ಷಣ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಅಲ್ಲೇ ಗೂಡು ಕಟ್ಟುವುದು. ತಡವಾದರೆ ನೂಲೆಲ್ಲ ಸೊಪ್ಪಿನ ಪಾಲು. ಆಳುಗಳೆಲ್ಲ ಬಿಡದಿಯ ಫ್ಯಾಕ್ಟರಿ ಬಸ್ಸು ಹತ್ತಿದ್ದರು. ಮೊಮ್ಮಗಳು ಅಳುತ್ತಾ ಸ್ಕೂಟರಿನಲ್ಲಿ ಹೋದವಳು ಯಾರನ್ನು ಕೂರಿಸಿಕೊಂಡು ಬರಬೇಕು? ಆ ಹಳೇ ಮೇಸ್ತ್ರಿಯನ್ನೇ!

ಇಳಿದವಳೇ ಮುದುಕಿ ಬಾಗಿಲಿಗೆ ಅಡ್ಡ ನಿಂತಳು.

"ಏನಮ್ಮಿ, ಇನ್ನೂ ಲವಂಗ ತಿಂತಿದ್ದೀಯಾ?"

"ಇದು ನನ್ನ ಮೊಮ್ಮಗಳ ಹುಳದ ಮನೆ ಕಣೆ. ಕೇಳಾಕೆ ನೀನ್ಯಾವಳು?"

"ಮನೆ ನಿಂದೇ ಇರ್ಲಿ, ಹುಳ ನಿನ್ ಮಾತು ಕೇಳಾಕಿಲ್ಲ. ಬಾಯ್ ಬುಡು."

ಮೊಮ್ಮಗಳು ನನ್ನ ಕಡೆ ತಿರುಗಿದಳು. "ಅಜ್ಜಿ, ನಿಜ ಹೇಳು. ಹಾಕ್ಕಂಡಿದ್ದೀಯಾ?"

ಹಾಕಿಕೊಂಡಿದ್ದೆ. ಅವಳ ಕಣ್ಣೀರು ನೋಡಿ, ಮಾನ ಚರಂಡಿಗೆ ಹೋಗಲಿ ಎಂದು ದೂರ ಹೋಗಿ ಉಗಿದೆ. ಮುದುಕಿ ನನ್ನನ್ನು ನಲ್ಲಿಗೆ ಎಳೆದೊಯ್ದು, ಎಮ್ಮೆ ತೊಳೆದ ಹಾಗೆ ಮೊಣಕೈವರೆಗೂ ಸೋಪು ಹಾಕಿ ಉಜ್ಜಿದಳು. ಸೀರೆಯನ್ನೂ ಬಿಚ್ಚಿಸಿ ಬೇರೆ ಉಡಿಸಿದಳು.

"ಅವತ್ತೂ ಹಿಂಗೇ ತೊಳ್ದು ಒಳಿಕ್ಕೆ ಬುಟ್ಕಬೋದಿತ್ತು. ನಂಗೂ ಒಸಿ ಕೊಬ್ಬಿತ್ತು."

"ಒಸಿ ಅಲ್ಲ" ಎಂದೆ.

ಒಳಗೆ ನೋಡಿದರೆ ಅವಳ ಕಣ್ಣಿಗೆ ಪೊರೆ! ಇನ್ನೂ ಹಣ್ಣಾಗದ ಹಸಿ ಹುಳವನ್ನೂ ಎತ್ತಿ ಚಂದ್ರಿಕೆಗೆ ಹಾಕುತ್ತಿದ್ದಾಳೆ. ರಟ್ಟೆ ಹಿಡಿದು ದಬ್ಬುವ ಸರದಿ ಈಗ ನನ್ನದು. ದೇವರಾಣೆ, ಕೈ ತುರಿಸಿತು. ಆದರೆ ಆ ಬೆರಳುಗಳ ಓಟ ನನಗೂ ಇಲ್ಲ, ಮೊಮ್ಮಗಳಿಗೂ ಇಲ್ಲ. ಪಕ್ಕದಲ್ಲೇ ಕುಕ್ಕರಿಸಿದೆ. ಜೇನಿನ ಬಣ್ಣಕ್ಕೆ ತಿರುಗಿದ್ದನ್ನು ನಾನು ಹೇಳುವುದು, ಅವಳು ಎತ್ತುವುದು.

"ಎಡಕ್ಕೆ. ಇನ್ನೂ ಎಡಕ್ಕೆ. ಅಯ್ಯೋ, ಅದು ನನ್ನ ಹೆಬ್ಬೆರಳು ಕಣೆ!"

"ಅದ್ಕೇ ಈ ಹುಳ ನಜ್ಜಾಗೈತೆ ಅನ್ಕಂಡೆ."

ಮೊಮ್ಮಗಳು ನಕ್ಕಳು. ಬೆಳಗಿನಿಂದ ಅದೇ ಮೊದಲು. ಹೊತ್ತು ಇಳಿಯುವಷ್ಟರಲ್ಲಿ ಒಂದು ಹುಳವೂ ಸೊಪ್ಪಿನ ಮೇಲೆ ಉಳಿದಿರಲಿಲ್ಲ.

ಐದನೇ ದಿನ ಮುದುಕಿ ತಾನೇ ನಡೆದು ಬಂದು, ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಒಳ್ಗೆ ಹುಳ ಲೊಡಲೊಡ ಅಂತೈತೆ. ಗಟ್ಟಿ ಗೂಡು ಕಣವ್ವ."

ನಾನು ಮೊಮ್ಮಗಳನ್ನೂ ಅವಳನ್ನೂ ಒಟ್ಟಿಗೆ ತಬ್ಬಿಕೊಂಡು ಕುಣಿದುಬಿಟ್ಟೆ. ನನ್ನ ಮಗ ಬಾಳೆಯ ಮಾತೆತ್ತದೆ ಹೊಸ ಚಂದ್ರಿಕೆ ತರಲು ಹೊರಟ.

"ಮುಂದಿನ ಬೆಳೆಗೂ ಬಾರೇ" ಎಂದೆ.

"ಬತ್ತೀನಿ. ಮೇಸ್ತ್ರಿ ಮಾತ್ರ ನಾನೇ."