ಕೋಟಿನ ಅಂಚು

ಮುಂಬಯಿಯ ಮಾಟುಂಗದಲ್ಲಿ ನಮ್ಮ ಚಾಳಿನ ಕೆಳಗೆ ಯೆಹೂದಿ ದರ್ಜಿಯೊಬ್ಬರ ಅಂಗಡಿಯಿತ್ತು. ಮನೆಮಾತು ಮರಾಠಿ, ಉಡುಪಿ ಹೋಟೆಲಿನವರ ಸಹವಾಸದಿಂದ ನಮ್ಮೊಡನೆ ಕನ್ನಡ. ಯಾರು ಸಿಟ್ಟಾಗಿ ಬಂದರೂ ಕತ್ತರಿ ಕೆಳಗಿಟ್ಟು, "ಮೊದಲು ಕೂತ್ಕೊಳ್ಳಿ" ಎನ್ನುತ್ತಿದ್ದರು.

ಅಂಗಡಿ ಖಾಲಿ ಮಾಡಿಸಲು ಚಾಳಿನ ಮಾಲೀಕನಾದ ಸೇಠ್ ಈ ದರ್ಜಿಯ ಮೇಲೆ ಕೇಸು ಹಾಕಿದ್ದ. ಒಂದು ಸಂಜೆ ನಾನು ಅಲ್ಲಿ ಅಳತೆ ಕೊಡುತ್ತಿದ್ದಾಗ ಬೀದಿಯಲ್ಲಿ ಗಲಾಟೆಯೆದ್ದಿತು. ಸೇಠನ ಕಾಟಕ್ಕೆ ರೋಸಿಹೋದ ಬಾಡಿಗೆದಾರರ ಗುಂಪು ಕಲ್ಲು ಹಿಡಿದು ಅವನನ್ನು ಅಟ್ಟಿಸಿಕೊಂಡು ಬಂತು. ಅವನು ಓಡಿಬಂದು ಹೊಕ್ಕಿದ್ದು ಅದೇ ಅಂಗಡಿಯನ್ನು! ದರ್ಜಿ ಬಾಗಿಲಿಗೆ ಅಡ್ಡ ನಿಂತು ಮರಾಠಿಯಲ್ಲಿ ಕೂಗಿದರು: "ಒಳಗಿರೋದು ನನ್ನ ಗಿರಾಕಿ. ಮೊದಲು ನನಗೆ ಹೊಡೀರಿ."

ಗುಂಪು ಗೊಣಗುತ್ತ ಚದುರಿತು. "ಮೊದಲು ಕೂತ್ಕೊಳ್ಳಿ, ಸೇಠ್‌ಜಿ" ಎಂದು ಅವನ ಹರಿದ ಕೋಟಿನ ಅಂಚನ್ನು ಹೊಲಿದು ಕಳಿಸಿದರು.

"ಅಂಥವನಿಗೆ ಇಷ್ಟು ಮರ್ಯಾದೆಯೇ?" ಎಂದು ನಾನು ರೇಗಿದೆ.

"ನಮ್ಮ ಶಾಸ್ತ್ರದಲ್ಲಿ ಒಂದು ಕಥೆ ಉಂಟು. ಒಬ್ಬ ತರುಣನನ್ನು ಕೊಲ್ಲಲಿಕ್ಕೆ ಬೆನ್ನಟ್ಟಿದ ರಾಜ, ಗವಿಯಲ್ಲಿ ಒಬ್ಬನೇ ಅವನ ಕೈಗೇ ಸಿಗ್ತಾನೆ. ತರುಣ ಅವನನ್ನು ಕೊಲ್ಲುವುದಿಲ್ಲ, ನಿಲುವಂಗಿಯ ಅಂಚು ಮಾತ್ರ ಕತ್ತರಿಸ್ತಾನೆ. ಅಷ್ಟು ಮಾಡಿದ್ದಕ್ಕೂ ಆಮೇಲೆ ನೊಂದುಕೊಂಡನಂತೆ. ನಾನು ದರ್ಜಿ, ಹೊಲಿದೆ."

ಮುಂದಿನ ವಾರ ಕೋರ್ಟಿನಲ್ಲಿ ಅವರು ಸೇಠನ ಅನ್ಯಾಯಗಳನ್ನು ಒಂದೂ ಬಿಡದೆ ಹೇಳಿದರು. ಎದುರು ಕುಳಿತ ಸೇಠ್ ತಲೆಯೆತ್ತಲಿಲ್ಲ. ಕೋಟಿನ ಅಂಚನ್ನು ಬೆರಳಲ್ಲಿ ಸವರುತ್ತಲೇ ಇದ್ದ.