ಕಿತ್ತಳೆ ಸಿಪ್ಪೆಯ ಬಿಳಿ ಪದರ

ಬಿಯರ್ ತಯಾರಿಸುವವರ ನಡುವೆ ಅವರಿಗೆ ಹುಳಿಮೋರೆ ಎಂದೇ ಹೆಸರು. ಒಳ್ಳೆಯ ಬಿಯರ್ ಬಾಯಿಗೆ ಬಿದ್ದರೂ ಮುಖ ಗಂಟಿಕ್ಕುತ್ತಾರೆ. ಕೆಟ್ಟದ್ದಾದರೆ ಗಂಟು ಸ್ವಲ್ಪ ಸಡಿಲವಾಗುತ್ತದೆ, ಬೈಯಲು ಏನೋ ಸಿಕ್ಕಿತಲ್ಲ ಎಂದು. ರೈಲು ಹಳಿಯ ಪಕ್ಕದಲ್ಲಿದ್ದ ತಮ್ಮ ಸಣ್ಣ ಕಾರ್ಖಾನೆಯನ್ನು ಮಂಡಿನೋವು ತಾಳಲಾರದೆ ಮುಚ್ಚಿದ ಮೇಲೆ ಅವರಿಗೆ ಉಳಿದಿದ್ದು ಒಂದೇ: ವರ್ಷಕ್ಕೊಮ್ಮೆ ನಡೆಯುವ ಸ್ಪರ್ಧೆಯಲ್ಲಿ ತೀರ್ಪುಗಾರರ ಕುರ್ಚಿ.

ಆ ಸ್ಪರ್ಧೆಯಲ್ಲಿ ಗೆದ್ದ ಬಿಯರನ್ನು ದೊಡ್ಡ ಕಾರ್ಖಾನೆಯೊಂದು ಬೇಸಿಗೆ ಪೂರ್ತಿ ತನ್ನ ಟ್ಯಾಂಕುಗಳಲ್ಲಿ ತಯಾರಿಸುತ್ತದೆ. ಉಸ್ತುವಾರಿ ಗೆದ್ದವರದೇ. ಬಾಡಿಗೆ ಶೆಡ್ಡಿನಲ್ಲಿ ಎರವಲು ಹಂಡೆ ಇಟ್ಟುಕೊಂಡು ಕೆಲಸ ಮಾಡುವವರಿಗೆ ಮೇಲೆ ಬರಲು ಬೇರೆ ದಾರಿಯಿಲ್ಲ.

ಅಂಥವರಲ್ಲಿ ಅವರ ಮಗಳೂ ಒಬ್ಬಳು. ಹಿಂದೆ ಅವಳು ಅಪ್ಪನ ಕಾರ್ಖಾನೆಯಲ್ಲೇ ಇದ್ದಳು. ಕೊತ್ತಂಬರಿ ಬೀಜ, ಒಣಗಿಸಿದ ಕಿತ್ತಳೆ ಸಿಪ್ಪೆ ಹಾಕಿ ತೆಳುವಾದ ಗೋಧಿ ಬಿಯರ್ ಒಂದನ್ನು ತಾನಾಗಿಯೇ ಮಾಡಿದಳು. ಅಪ್ಪ ಒಂದು ಗುಟುಕು ಕುಡಿದರು, ಕೆಲಸಗಾರರ ಎದುರಿಗೇ ನಲ್ಲಿ ತಿರುಗಿಸಿ ಅಷ್ಟನ್ನೂ ಚರಂಡಿಗೆ ಬಿಟ್ಟರು. ಯಾಕೆಂದು ಹೇಳಲಿಲ್ಲ. ಅವಳು ಏಪ್ರನ್ ಬಿಚ್ಚಿಟ್ಟು ಹೊರಟುಹೋದಳು. ಆಮೇಲೆ ಅವಳು ಮನೆಗೆ ಬರುತ್ತಿದ್ದುದು ಅಮ್ಮನನ್ನು ನೋಡಲು, ಅದೂ ಅಪ್ಪ ಇಲ್ಲದ ಹೊತ್ತು ನೋಡಿ.

ಈ ಸಲ ಅವಳು ಸ್ಪರ್ಧೆಗೆ ಹೆಸರು ಕೊಟ್ಟಿದ್ದು ಅವರಿಗೆ ಗೊತ್ತಿರಲಿಲ್ಲ. ಮೇಜಿಗೆ ಹೆಸರು ಬರುವುದಿಲ್ಲ, ಬರೀ ಲೋಟ ಬರುತ್ತದೆ. ಮಾಡಿದವರ ಗುರುತು ಹತ್ತಿದರೆ ತೀರ್ಪುಗಾರ ಬಾಯಿ ಬಿಡದೆ ಎದ್ದುಹೋಗಬೇಕು, ಉಳಿದವರು ನೋಡಿಕೊಳ್ಳುತ್ತಾರೆ. ಅಭಿಪ್ರಾಯ ಹೇಳಿದ ಮೇಲೆ ಗುರುತು ಬಯಲಾದರೆ ಆ ಬಿಯರ್ ಸ್ಪರ್ಧೆಯಿಂದ ಹೊರಗೆ. ಈ ನಿಯಮಕ್ಕಾಗಿ ಹಿಂದೊಮ್ಮೆ ಜಗಳ ಆಡಿ ಎಲ್ಲರನ್ನೂ ಒಪ್ಪಿಸಿದವರು ಇವರೇ.

ಬೆಳಿಗ್ಗೆ ನಾಲಿಗೆ ಚುರುಕಾಗಿರುವಾಗಲೇ ತೆಳು ಬಿಯರುಗಳು ಬರುತ್ತವೆ. ಮೇಜಿನಲ್ಲಿ ಮೂವರು: ಇವರು, ಪಬ್ಬಿನ ಯಜಮಾನ, ಮಾಲ್ಟ್ ವ್ಯಾಪಾರದ ಹೆಂಗಸು. ಗೋಧಿ ಬಿಯರ್ ಮಂಜು ಕವಿದ ಹಾಗೆ ಮಸುಕಾಗಿತ್ತು, ನೊರೆ ಬಿಗಿಯಾಗಿತ್ತು. ಹುಳಿಮೋರೆ ಮೂಸಿದರು. ಮೊದಲು ಕೊತ್ತಂಬರಿ, ಅದರ ಹಿಂದೆ ಕಿತ್ತಳೆ. ಕುಡಿದಾಗ ಗಂಟಲ ಹತ್ತಿರ ಒಂದು ಒಣ ಕಹಿ ನಿಂತಿತು. ಸಿಪ್ಪೆಯ ಒಳಗಿನ ಬಿಳಿ ಪದರವನ್ನು ಎಲ್ಲರೂ ಕೆರೆದು ತೆಗೆಯುತ್ತಾರೆ. ಅದನ್ನು ಕೆರೆಯದೆ ಹಾಗೇ ಉಳಿಸಿ ಹಾಕುವ ರೂಢಿ ಇದ್ದದ್ದು ಅವರ ಕಾರ್ಖಾನೆಯಲ್ಲಿ ಮಾತ್ರ.

ಆಗಲೇ ಏಳಬೇಕಿತ್ತು. ಏಳಲಿಲ್ಲ.

"ಬಾಯೆಲ್ಲಾ ಕಹಿ," ಎಂದ ಪಬ್ಬಿನ ಯಜಮಾನ. "ಸಿಪ್ಪೆ ಕೆರೆಯೋಕೂ ಸೋಮಾರಿತನ ಇವರಿಗೆ. ನಾನು ಪಾಸ್ ಮಾಡಲ್ಲ."

"ಸೋಮಾರಿತನ ನಿನ್ನ ನಾಲಿಗೇದು," ಎಂದರು ಹುಳಿಮೋರೆ. "ಈ ಕಹಿ ಇಲ್ಲದಿದ್ರೆ ಇದು ಶರಬತ್ತು. ಗೋಧಿಯ ಸಿಹಿ ಹಿಡಿದು ನಿಲ್ಲಿಸಿರೋದೇ ಅದು."

"ಸರಿ, ಮಾರಾಯ್ರೇ, ಕೂಗಾಡಬೇಡಿ. ಕೆರೆಯೋಕೆ ಮರೆತಿರಬಹುದು ಬಿಡಿ."

"ಮರೆತಿದ್ದಲ್ಲ. ಬೇಕೂಂತಲೇ ಬಿಟ್ಟಿದ್ದು."

ಮಾಲ್ಟಿನಾಕೆ ತಲೆ ಎತ್ತಿದಳು. "ಬೇಕೂಂತ ಬಿಟ್ಟಿದ್ದು ಅಂತ ನಿಮಗೆ ಹೇಗೆ ಗೊತ್ತು ಅಣ್ಣಾ?"

ಹುಳಿಮೋರೆ ಲೋಟದ ಮಾತು ಬಿಟ್ಟು ಅದನ್ನು ಮಾಡಿದ ಕೈಯ ಮಾತು ಆಡಿದ್ದರು. ಊಹೆ ಎಂದು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಇಬ್ಬರೂ ಒಪ್ಪಿಕೊಳ್ಳುತ್ತಿದ್ದರು. ಅವರು ಲೋಟವನ್ನು ಮೇಜಿನ ನಡುವಿಗೆ ತಳ್ಳಿದರು.

"ನನ್ನ ಮಗಳದು ಇದು. ತೆಗೀರಿ."

ಲೋಟ ಹೋಯಿತು. ಸುದ್ದಿ ಅದಕ್ಕಿಂತ ಬೇಗ ಹೋಯಿತು. ಮಧ್ಯಾಹ್ನದ ಬಿಡುವಿನಲ್ಲಿ ಹೊರಗೆ ಬಂದಾಗ, ಖಾಲಿ ಪೀಪಾಯಿಗಳನ್ನು ಜೋಡಿಸಿದ್ದ ಅಂಗಳದಲ್ಲಿ ಮಗಳು ನಿಂತಿದ್ದಳು.

"ಯಾವಾಗ ಗೊತ್ತಾಯ್ತು ನಿಮಗೆ?"

"ಮೊದಲ ಗುಟುಕಿಗೆ."

"ಆಗಲೇ ಎದ್ದಿದ್ರೆ?"

"ಆ ಪಬ್ಬಿನವನು ತಿಪ್ಪೆಗೆ ಎಸೀತಿದ್ದ."

"ಎಸೀಲಿ. ಅದು ಅವನ ತೀರ್ಪು, ನಾನು ತಲೆ ಬಗ್ಗಿಸಿ ಹೋಗ್ತಿದ್ದೆ. ಅವತ್ತು ಬಾಯಿ ಬಿಡದೆ ಚೆಲ್ಲಿದ್ರಿ, ಇವತ್ತು ಬಾಯಿ ಬಿಟ್ಟು ಚೆಲ್ಲಿದ್ರಿ. ನನ್ನ ಬಿಯರ್ ಮೇಲೆ ಏನಪ್ಪಾ ದ್ವೇಷ ನಿಮಗೆ?"

"ಸುಳ್ಳು ಹೇಳಬೇಕಿತ್ತಾ ನಾನು?"

"ಏಳಬೇಕಿತ್ತು. ಮಂಡಿ ನೋವಿತ್ತಾ?"

ಅವರು ಕೆಂಡವಾದರು. ಆ ಕುರ್ಚಿಯಲ್ಲಿ ತಾನು ಎಷ್ಟು ವರ್ಷದಿಂದ ಕೂತಿದ್ದೇನೆ, ಯಾರ ಮುಲಾಜಿಗೂ ಬಿದ್ದವನಲ್ಲ ಎಂದು ಶುರು ಮಾಡಿದರು. ಅವಳು ಪೂರ್ತಿ ಕೇಳಲಿಲ್ಲ.

"ನೀವು ಕೂತಿರೋವರೆಗೂ ನಾನು ಹೆಸರು ಕೊಡೋ ಹಾಗಿಲ್ಲ," ಎಂದಳು. "ಪ್ರತಿ ಸಲಾನೂ ನಿಮಗೆ ಗೊತ್ತಾಗತ್ತೆ. ಕಲಿಸಿದ್ದು ನೀವೇ ಅಲ್ವಾ. ಕೂತ್ಕೊಳ್ಳಿ, ಹಾಯಾಗಿ ಕೂತ್ಕೊಳ್ಳಿ."

ಅವರು ಒಳಗೆ ಹೋಗಿ ಉಳಿದ ಲೋಟಗಳನ್ನೆಲ್ಲ ಮುಗಿಸಿದರು. ಅಂದು ಅವರ ಬಾಯಿಂದ ಒಂದು ಒಳ್ಳೆಯ ಮಾತೂ ಯಾವ ಬಿಯರಿಗೂ ಸಿಗಲಿಲ್ಲ. ಆದರೆ ಕೊಟ್ಟ ಅಂಕಗಳಲ್ಲಿ ತಪ್ಪಿರಲಿಲ್ಲ ಎಂದು ಮಾಲ್ಟಿನಾಕೆ ಹೇಳುತ್ತಾಳೆ.

ಮುಂದಿನ ವರ್ಷದ ಸ್ಪರ್ಧೆಗೆ ಕರೆಯುವ ಫೋನ್ ಬಂದಾಗ ಹೆಂಡತಿ ಪಕ್ಕದಲ್ಲೇ ತರಕಾರಿ ಹೆಚ್ಚುತ್ತಿದ್ದರು. ಒಳಗೆ ಒಲೆಯ ಮೇಲೆ ಸಾರು ಸೀಯುವ ವಾಸನೆ ಬರುತ್ತಿದೆ ಎಂದು ಇವರು ಆಗಷ್ಟೇ ಅವರಿಗೆ ಬೈದಿದ್ದರು. "ಬರೋಕಾಗಲ್ಲ. ಮೂಗು ಹೋಗಿದೆ," ಎಂದರು ಇವರು. ಆಚೆಯವನ ದನಿ ಮೆತ್ತಗಾಯಿತು. ಡಾಕ್ಟರಿಗೆ ತೋರಿಸಿದಿರಾ, ಯಾವಾಗಿನಿಂದ ಎಂದೆಲ್ಲ ಕೇಳಿದ. "ಹೋಗಿದೆ ಅಂದ ಮೇಲೆ ಹೋಗಿದೆ," ಎಂದು ರೇಗಿ ಫೋನ್ ಇಟ್ಟರು.

ವಾರದೊಳಗೆ ಮನೆಗೆ ಕನಿಕರದ ಸಾಲು. ಪಬ್ಬಿನ ಯಜಮಾನ ಹಣ್ಣಿನ ಬುಟ್ಟಿ ಹಿಡಿದು ಬಂದ. ಒಬ್ಬರು ಹಬೆ ತೆಗೆದುಕೊಳ್ಳಿ ಎಂದರು, ಇನ್ನೊಬ್ಬರು ಮೂಗಿಗೆ ಎಣ್ಣೆ ಬಿಡಿ ಎಂದರು. ಎಲ್ಲರಿಗೂ ಬೈಗುಳವೇ ಉಪಚಾರ.

ಆಮೇಲೆ ಮಗಳ ಫೋನ್ ಬಂತು. ಅಮ್ಮನಿಗಲ್ಲ, ನೇರವಾಗಿ ಅವರಿಗೇ.

"ಮೂಗು ಹೋಯ್ತಂತೆ?"

"ಹೂಂ."

ಆ ಕಡೆ ಹಂಡೆ ಉಜ್ಜುವ ಸದ್ದು ನಿಂತಿತು.

"ಒಳ್ಳೇದಾಯ್ತು," ಎಂದು ಇಟ್ಟಳು.

ಅವರು ಅಂದು ಊಟ ಮಾಡಲಿಲ್ಲ. "ನಿನ್ನ ಮಗಳು ಒಂದು ಮಾತು ಜಾಸ್ತಿ ಆಡಿದ್ರೆ ಅವಳ ಗಂಟೇನು ಹೋಗ್ತಿತ್ತು," ಎಂದು ಸಂಜೆಯವರೆಗೂ ಹೆಂಡತಿಯ ಮೇಲೆ ಹರಿಹಾಯುತ್ತಿದ್ದರು.